ಸೆಲ್ಮಾಳ ಕಿಟಕಿ

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ನಮ್ಮ ರೊಟ್ಟಿ ಭಟ್ಟಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊರಿನ ಹೆಂಗಸರೆಲ್ಲ ಸ್ಟೋಲನ್ ಎಂಬ ಹಬ್ಬದ ರೊಟ್ಟಿ ಸುಡಿಸಲು ಬರುತ್ತಾರೆ. ಬೆಣ್ಣೆ, ಒಣದ್ರಾಕ್ಷಿ, ಬಾದಾಮಿ ಅವರವರ ಮನೆಯದು. ಒಲೆ, ಸೌದೆ, ನಾದುವ ತೊಟ್ಟಿ ನಮ್ಮದು. ನನ್ನ ಗಂಡ ಬ್ರೂನೋ ಹಿಟ್ಟು ನಾದುತ್ತಾನೆ, ಅವರು ಪಕ್ಕದಲ್ಲಿ ನಿಂತು ಕಾವಲು ಕಾಯುತ್ತಾರೆ, ತಮ್ಮ ಒಂದು ದ್ರಾಕ್ಷಿಯೂ ಇನ್ನೊಬ್ಬಳ ಹಿಟ್ಟಿಗೆ ಸೇರಬಾರದೆಂದು. ಬಟ್ಟೆ ಸುತ್ತಿ ಮಲಗಿಸಿದ ಕೂಸಿನ ಆಕಾರದ ಆ ಸಿಹಿ ರೊಟ್ಟಿಗೆ ತಮ್ಮ ಮನೆಯ ಹೆಸರು ಕೊರೆದ ತಗಡಿನ ಚೂರನ್ನು ಚುಚ್ಚಿಕೊಟ್ಟ ಮೇಲೆಯೇ ಅದು ಒಲೆಯೊಳಗೆ ಹೋಗುವುದು. ಸುಟ್ಟ ಮೇಲೆ ಹಲಗೆಯ ಮೇಲಿಟ್ಟುಕೊಂಡು ಹಿಮದಲ್ಲಿ ಉಸಿರು ಬಿಗಿಹಿಡಿದು ಮನೆಗೆ ಒಯ್ಯುತ್ತಾರೆ. ದಾರಿಯಲ್ಲಿ ಅದು ಮುರಿದರೆ ಮನೆಯಲ್ಲಿ ಸಾವು ಎಂದು ನಂಬಿದವರು ನಾವು.

ಇಂಥ ಗದ್ದಲದ ನಡುವೆ ಸೆಲ್ಮಾ ವೈಗೆಲ್ಟ್ ಒಳಗೆ ಬಂದಳೆಂದರೆ ಮಾತು ನಿಲ್ಲುತ್ತಿತ್ತು. ಅದು ಗೌರವಕ್ಕೆ ಎಂದು ಅವಳು ತಿಳಿದಿದ್ದಳು. ಕೈಗವಸು ಕಳಚಿ, ತೊಟ್ಟಿಯಿಂದ ತೊಟ್ಟಿಗೆ ಹೋಗಿ, ಯಾರನ್ನೂ ಕೇಳದೆ ಎಲ್ಲರ ಹಿಟ್ಟಿಗೂ ಬೆರಳು ಹಾಕಿ ನೋಡುತ್ತಿದ್ದಳು.

"ಇದೇನೇ, ಹಿಟ್ಟೋ ಗೋಡೆಗೆ ಬಳಿಯೋ ಸುಣ್ಣಾನೋ?" ಎಂದು ಒಬ್ಬಳಿಗೆ. ಆ ವರ್ಷವಷ್ಟೇ ಮದುವೆಯಾಗಿ ಬಂದಿದ್ದ ಇನ್ನೊಂದು ಹುಡುಗಿಗೆ, "ಬೆಣ್ಣೆ ಹಾಕಿದೀಯೋ, ಬರೀ ಬೆಣ್ಣೆ ಹೆಸರು ಹೇಳಿದೀಯೋ?" ಆ ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು.

"ಸೆಲ್ಮಾ, ನಿನ್ನ ಬೆರಳು ತೊಳ್ಕೊಂಡಿದೀಯಾ?" ಎಂದು ನಾನು ಕೇಳಿದೆ.

"ನನ್ನ ಬೆರಳಿಗೆ ಏನಾಗಿದೆ ಮಿನ್ನಾ? ನಿಮ್ಮ ಭಟ್ಟಿಗಿಂತ ಚೊಕ್ಕಟವಾಗಿದೆ."

ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಅವಳ ಬಗ್ಗೆ ಹೇಳಲು ನನಗಿಂತ ಒಳ್ಳೆಯ ಮನಸ್ಸಿನವರು ಬೇಕು ಅನ್ನುವವರು ಹುಡುಕಿಕೊಳ್ಳಲಿ. ಅವಳ ಜೊತೆ ಒಂದೇ ಬೀದಿಯಲ್ಲಿ ಬೆಳೆದು, ಒಂದೇ ಬೆಂಚಿನಲ್ಲಿ ಕೂತು ಕೆಲಸ ಮಾಡಿ, ಅವಳನ್ನು ಒಳಗೂ ಹೊರಗೂ ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ.

ಈ ಅದಿರುಬೆಟ್ಟಗಳಲ್ಲಿ ಅದಿರು ನಮ್ಮ ಅಜ್ಜಂದಿರ ಕಾಲಕ್ಕೇ ಮುಗಿದಿತ್ತು. ಗಣಿಗಿಳಿಯುತ್ತಿದ್ದವರ ಮಕ್ಕಳು ಮರದ ಆಟಿಕೆ ಕೊರೆಯಲು ಕೂತರು. ಸೆಲ್ಮಾ ಹುಟ್ಟಿದ್ದು ಅಂಥ ಮನೆಯಲ್ಲಿ. ನಾವಿಬ್ಬರೂ ಅಕ್ಷರ ಕಲಿಯುವ ಮೊದಲೇ ಮರದ ಕುರಿಗಳಿಗೆ ಕಣ್ಣು ಬರೆಯುವುದನ್ನು ಕಲಿತೆವು. ಕಣ್ಣು ಒಂದು ಕೂದಲೆಳೆ ಸೊಟ್ಟಗಾದರೂ ಸರಕು ಕೊಳ್ಳಲು ಬರುವ ಸಾಹುಕಾರನ ಆಳು ಆ ಕುರಿಯನ್ನು ನೆಲಕ್ಕೆಸೆಯುತ್ತಿದ್ದ, ಸೆಲ್ಮಾಳ ಅಪ್ಪ ಅವಳ ಬೆನ್ನಿಗೆ ಎರಡು ಬಿಡುತ್ತಿದ್ದ. ಅಲ್ಲಿಂದಲೇ ಅವಳಿಗೆ ಈ ಬುದ್ಧಿ ಬಂತು, ಪಾಪ, ಎಂದು ನಮ್ಮ ಪಾದ್ರಿ ಹೇಳುವುದುಂಟು. ನನ್ನ ಬೆನ್ನಿಗೂ ಬಿದ್ದಿದೆ. ನಾನೇನು ಊರವರ ಹಿಟ್ಟಿಗೆ ಬೆರಳು ಹಾಕುತ್ತಾ ತಿರುಗುತ್ತೇನೆಯೇ?

ಅವಳ ಗಂಡ ಹರ್ಮನ್ ಮಾತ್ರ ಬಂಗಾರದಂಥ ಮನುಷ್ಯ. ಕೊರೆಯುವ ಕೈಯೂ ಹಾಗೇ ಇತ್ತು. ನಮ್ಮಲ್ಲಿ ಮನೆಗೆ ಗಂಡು ಹುಟ್ಟಿದರೆ ದೀಪ ಹಿಡಿದ ಗಣಿ ಆಳಿನ ಗೊಂಬೆ, ಹೆಣ್ಣು ಹುಟ್ಟಿದರೆ ದೀಪ ಹಿಡಿದ ದೇವದೂತೆಯ ಗೊಂಬೆ ಮಾಡುತ್ತಾರೆ. ಹಬ್ಬದ ದಿನಗಳಲ್ಲಿ ಅವನ್ನು ಬೀದಿಗೆ ಕಾಣುವಂತೆ ಕಿಟಕಿಯಲ್ಲಿ ನಿಲ್ಲಿಸಿ ಮೇಣದಬತ್ತಿ ಹಚ್ಚುತ್ತಾರೆ. ಹಿಮದಲ್ಲಿ ನಡೆದು ಹೋಗುವವರು ಕಿಟಕಿ ನೋಡಿಯೇ ಆ ಮನೆಯ ಮಕ್ಕಳೆಷ್ಟು ಎಂದು ಹೇಳಿಬಿಡಬಹುದು. ಹರ್ಮನ್ ಎರಡು ದೇವದೂತೆಯರನ್ನು ಕೊರೆದ, ದೊಡ್ಡವಳು ಆಲ್ಮಾಳಿಗೊಂದು, ಚಿಕ್ಕವಳು ಲಿಡ್ಡಿಗೊಂದು. ಎರಡೂ ಕೈ ಚಾಚಿ ಎರಡು ಬತ್ತಿ ಹಿಡಿದ, ಚಿನ್ನದ ಬಣ್ಣದ ರೆಕ್ಕೆಗಳ ಗೊಂಬೆಗಳು. ಮಕ್ಕಳು ಚಿಕ್ಕವರಿರುವಾಗಲೇ ಎದೆನೋವಿನಿಂದ ಅವನು ಹೋದ. ಸೆಲ್ಮಾ ಆಟಿಕೆಗಳಿಗೆ ಬಣ್ಣ ಹಚ್ಚಿ ಇಬ್ಬರನ್ನೂ ಸಾಕಿದಳು. ಯಾರ ಮುಂದೆಯೂ ಕೈ ಚಾಚಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಒಪ್ಪದಿದ್ದರೂ ಅವಳೇ ದಿನಕ್ಕೆರಡು ಸಲ ನೆನಪಿಸುತ್ತಿದ್ದಳು.

ಆಲ್ಮಾ ತಾಯಿ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾ ಮನೆಯಲ್ಲೇ ಉಳಿದಳು, ಮದುವೆಯೂ ಆಗಲಿಲ್ಲ. ಲಿಡ್ಡಿ ಬೆಟ್ಟದ ಆಚೆಯ ಬೊಹೀಮಿಯಾದಿಂದ ಗಾಜಿನ ಮಣಿ ಮಾರಲು ಬರುತ್ತಿದ್ದ ಆಂಟೋನ್‌ನನ್ನು ಮೆಚ್ಚಿದಳು. ಅವನು ಕಥೋಲಿಕ, ನಾವು ಪ್ರಾಟೆಸ್ಟಂಟರು. ಊರು ಸ್ವಲ್ಪ ಗೊಣಗಿತು, ಆಮೇಲೆ ಸುಮ್ಮನಾಯಿತು. ಸೆಲ್ಮಾ ಸುಮ್ಮನಾಗಲಿಲ್ಲ. ಮದುವೆಗೆ ಹೋಗಲಿಲ್ಲ. ಆ ವರ್ಷದ ಹಬ್ಬದಲ್ಲಿ ಲಿಡ್ಡಿಯ ಗೊಂಬೆಯನ್ನು ಕಿಟಕಿಯಿಂದ ಕಿತ್ತು ಪೆಟ್ಟಿಗೆಗೆ ಎಸೆದಳು. ನಮ್ಮಲ್ಲಿ ಸತ್ತ ಕೂಸಿನ ಗೊಂಬೆಯನ್ನೂ ಯಾರೂ ಅಷ್ಟು ಬೇಗ ತೆಗೆಯುವುದಿಲ್ಲ. ಬದುಕಿರುವ ಮಗಳ ಗೊಂಬೆ ತೆಗೆದವಳು ಇವಳೊಬ್ಬಳೇ. ಲಿಡ್ಡಿಯ ಮನೆ ಇದ್ದದ್ದು ಬೆಟ್ಟ ಹತ್ತಿ ಇಳಿದರೆ ಸಿಗುವ ಊರಲ್ಲಿ. ಅಷ್ಟು ಹತ್ತಿರದಲ್ಲಿ ಅವಳು ಮಗು ಹೆತ್ತು, ಆ ಮಗು ನಡೆದಾಡಿ ಮಾತು ಕಲಿತರೂ ಅಜ್ಜಿಗೆ ಅದರ ಮುಖ ಗೊತ್ತಿರಲಿಲ್ಲ.

ಇನ್ನೊಂದು ಮಾತು ಕೇಳಿ. ಆಚೆಯಿಂದ ಈಚೆಗೆ ಬುಟ್ಟಿ ಹೊತ್ತು ವ್ಯಾಪಾರಕ್ಕೆ ಬರುವ ರೇಸಿ ಎಂಬ ಹೆಂಗಸಿದ್ದಳು. ಪ್ರತಿ ವರ್ಷ ಲಿಡ್ಡಿ ಅವಳ ಕೈಯಲ್ಲಿ ತಾಯಿಗೆ ಒಂದು ಚೀಲ ಬಾದಾಮಿ ಕಳಿಸುತ್ತಿದ್ದಳು. ಸೆಲ್ಮಾ ಅದನ್ನು ಮಾತಿಲ್ಲದೆ ತೆಗೆದುಕೊಂಡು, ಸಿಪ್ಪೆ ಸುಲಿದು, ನಮ್ಮ ಭಟ್ಟಿಗೆ ತಂದು, "ಇಂಥ ಬಾದಾಮಿ ಈ ಊರಲ್ಲಿ ಯಾರಿಗೆ ಸಿಗುತ್ತೆ ಹೇಳಿ" ಎಂದು ಎಲ್ಲರ ಮೂಗಿಗೂ ಹಿಡಿಯುತ್ತಿದ್ದಳು. ಮಗಳ ಹೆಸರು ಎತ್ತುವುದಕ್ಕೆ ನಾಲಿಗೆ ಬಾರದು, ಮಗಳ ಬಾದಾಮಿ ತಿನ್ನುವುದಕ್ಕೆ ಬಾಯಿ ಬರುತ್ತಿತ್ತು. ಥೂ!

ರೇಸಿ ಆಚೆಗೆ ಮರಳಿದಾಗ ಲಿಡ್ಡಿ ಕೇಳುವ ಮೊದಲ ಪ್ರಶ್ನೆ ಒಂದೇ ಅಂತೆ: "ಕಿಟಕೀಲಿ ಇದೆಯಾ?" ರೇಸಿ ಪ್ರತಿ ವರ್ಷ ಇಲ್ಲ ಎಂದು ಹೇಳುತ್ತಿದ್ದಳು.

ನಾನು ಹೇಳುತ್ತಿರುವ ವರ್ಷದ ಶರತ್ಕಾಲದಲ್ಲಿ ಸೆಲ್ಮಾ ಜ್ವರ ಬಂದು ಮಲಗಿದಳು. ಎದೆಯಲ್ಲಿ ಕಫ ಕಟ್ಟಿ, ಪಾದ್ರಿ ಬಂದು ಪ್ರಾರ್ಥನೆ ಮಾಡಿ ಹೋಗುವಷ್ಟಾಗಿತ್ತು. ಎದ್ದಳು, ಆದರೆ ಧ್ವನಿ ಸ್ವಲ್ಪ ತಗ್ಗಿತ್ತು. ರೇಸಿ ಬಾದಾಮಿ ತಂದುಕೊಟ್ಟದ್ದು ಈ ಸಲ ನಮ್ಮ ಭಟ್ಟಿಯಲ್ಲೇ, ಎಲ್ಲರ ಎದುರಿಗೆ. ಸೆಲ್ಮಾ ಚೀಲವನ್ನು ಕೈಯಲ್ಲಿ ತೂಗಿ ನೋಡಿ, ಒಲೆಯ ಕಡೆ ಮುಖ ಮಾಡಿ ಹೇಳಿದಳು: "ಕಿಟಕಿ ನೋಡ್ಬೇಕು ಅನ್ನಿಸಿದ್ರೆ ದಾರಿ ಗೊತ್ತಲ್ಲ ಅವಳಿಗೆ."

ಬಾ ಎಂಬ ಒಂದು ಅಕ್ಷರ ಅವಳ ಬಾಯಲ್ಲಿ ಹೊರಡಲಿಲ್ಲ ನೋಡಿ. ಮಗಳನ್ನು ಕರೆಯುವುದರಲ್ಲೂ ಮಗಳಿಗೆ ಉಪಕಾರ ಮಾಡುವ ಧಿಮಾಕು. ಆದರೂ ಆಲ್ಮಾ ಮೂಲೆಯಲ್ಲಿ ನಿಂತು ಬಾಯಿಗೆ ಶಾಲಿನಂಚು ಒತ್ತಿಕೊಂಡು ಅಳುತ್ತಿದ್ದಳು, ಸಂತೋಷಕ್ಕೆ.

ಮುಂದಿನ ವಾರ ರೇಸಿ ಉತ್ತರ ತಂದಳು. ಲಿಡ್ಡಿ ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದಳು: "'ಹಬ್ಬದ ಹಿಂದಿನ ದಿನ ಮಗೂನ ಕರ್ಕೊಂಡು ಬರ್ತೀನಿ. ಕಿಟಕೀಲಿ ನನ್ನ ಗೊಂಬೆ ಇದ್ರೆ ಬಾಗಿಲು ತಟ್ತೀನಿ. ಇಲ್ದೇ ಇದ್ರೆ ಹಾಗೇ ತಿರುಗಿ ಹೋಗ್ತೀನಿ. ಮಗು ಎದುರಿಗೆ ನನ್ನನ್ನ ಹೊಸಿಲಿಂದ ಆಚೆ ಕಳಿಸೋದು ಬೇಡ. ತಿರುಗಿ ಹೋದ್ರೆ ಆಮೇಲೆ ನಾನು ಇನ್ನು ಯಾವತ್ತೂ ಈ ಬೆಟ್ಟ ಹತ್ತಲ್ಲ.' ಇಷ್ಟೇ ಸೆಲ್ಮಮ್ಮ ಅವಳು ಹೇಳಿದ್ದು."

"ಷರತ್ತು ಬೇರೆ ಹಾಕ್ತಾಳೆ," ಎಂದಳು ಸೆಲ್ಮಾ. ಆದರೆ ಅಂದೇ ಮನೆಗೆ ಹೋಗಿ ಪೆಟ್ಟಿಗೆ ತೆರೆದಳು.

ಗೊಂಬೆಯ ಬಲಗೈ ಮುರಿದಿತ್ತು. ಆವತ್ತು ಅವಳು ಎಸೆದಾಗಲೇ ಮುರಿದದ್ದು, ಬೇರೆ ಯಾವಾಗ? ಮುರಿದ ತುಂಡು ಎಲ್ಲೂ ಸಿಗಲಿಲ್ಲ. ಬಣ್ಣವೂ ಮಸುಕಾಗಿತ್ತು. ಆಲ್ಮಾ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರ ಕೆಳತುದಿಯಲ್ಲಿದ್ದ ಮುದುಕ ಓಸ್ವಾಲ್ಡ್‌ನ ಹತ್ತಿರ ಹೋದಳು. ಹರ್ಮನ್‌ಗೆ ಉಳಿ ಹಿಡಿಯಲು ಕಲಿಸಿದವನೇ ಅವನು. ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಹಬ್ಬದ ಮುಂಚೆ ಊರಿನ ಮುರಿದ ಗೊಂಬೆಗಳೆಲ್ಲ ಅವನ ಮೇಜಿನ ಮೇಲೇ ಬಿದ್ದಿರುತ್ತಿದ್ದವು.

"ಹೊಸ ಕೈ ಕೊರೆದು ಅಂಟಿಸೋಕೆ ಟೈಮ್ ಬೇಕು ಮಗಾ," ಎಂದನಂತೆ ಅವನು. "ಅಲ್ಲೀತನಕ ಒಂದು ಕೈಲೇ ಬತ್ತಿ ಹಚ್ಚಿ ನಿಲ್ಲಿಸಿ. ಹರ್ಮನ್ ಕೆಲಸ ಇದು. ಒಂದು ಕೈ ಇಲ್ದಿದ್ರೂ ಮುಖ ನೋಡು, ನಗ್ತಾ ಇದೆ."

ಆಲ್ಮಾ ಅದನ್ನು ತಾಯಿಗೆ ಹೇಳಿದಾಗ ನಾನು ರೊಟ್ಟಿ ಕೊಡಲು ಹೋಗಿ ಅವರ ಅಡುಗೆಮನೆಯಲ್ಲೇ ಇದ್ದೆ.

"ಕೈ ಮುರಿದಿದ್ದನ್ನ ಕಿಟಕೀಲಿ ಇಡೋದಾ? ಇಡೀ ಊರು ಇದೇ ಬೀದೀಲಿ ಚರ್ಚಿಗೆ ಹೋಗುತ್ತೆ. ಸೆಲ್ಮಾ ಮನೇಗೆ ಮಗಳು ವಾಪಸ್ ಬಂದ್ಲು, ಅರ್ಧ ಬಂದ್ಲು ಅಂತ ನಗ್ಬೇಕಾ ಜನ?"

"ಜನಕ್ಕೆ ಬೇರೆ ಕೆಲಸ ಇಲ್ವಾ?" ಎಂದೆ ನಾನು. "ಲಿಡ್ಡಿಗೆ ಕಾಣ್ಬೇಕಾದ್ದು ಅವಳ ಗೊಂಬೆ. ಕೈ ಎಣಿಸೋಕೆ ಬರ್ತಾಳಾ ಅವಳು?"

"ನೀನು ನಿನ್ನ ಭಟ್ಟಿ ನೋಡ್ಕೋ ಮಿನ್ನಾ. ಕರಕಲಾದ ರೊಟ್ಟೀನೂ ಮಾರೋರು ನೀವು. ನಮ್ಮನೇಲಿ ಅರ್ಧಂಬರ್ಧ ಕೆಲಸ ಇಲ್ಲ."

ನಾನು ರೊಟ್ಟಿಯನ್ನು ಮೇಜಿನ ಮೇಲೆ ಕುಕ್ಕಿ ಬಂದೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಓಸ್ವಾಲ್ಡ್ ಗೊಂಬೆಯನ್ನು ಕಳಿಸಿದ. ಕೈ ಚೆನ್ನಾಗಿ ಕೂತಿತ್ತು. ಆಲ್ಮಾ ಅದನ್ನು ತನ್ನ ಗೊಂಬೆಯ ಪಕ್ಕಕ್ಕೆ, ಲಿಡ್ಡಿಯದೇ ಆದ ಜಾಗದಲ್ಲಿ ನಿಲ್ಲಿಸಿಯೂ ಆಗಿತ್ತು. ಇಷ್ಟು ವರ್ಷದ ಮೇಲೆ ಆ ಕಿಟಕಿಯಲ್ಲಿ ಇಬ್ಬರು ನಿಂತಿದ್ದರು. ನೀರಿನ ಪಂಪಿನ ಹತ್ತಿರವಿದ್ದ ನಾನೇ ಕಣ್ಣಾರೆ ನೋಡಿದೆ. ಅಷ್ಟರಲ್ಲಿ ಸೆಲ್ಮಾ ಶಾಲು ಹೊದ್ದು ಬೀದಿಗೆ ಬಂದಳು. ದಾರಿಹೋಕರಿಗೆ ಹೇಗೆ ಕಾಣುತ್ತದೆಂದು ನೋಡಬೇಕಿತ್ತಲ್ಲ ಅವಳಿಗೆ! ಹಿಮದಲ್ಲಿ ನಿಂತು ತಲೆಯನ್ನು ಆ ಕಡೆ ಈ ಕಡೆ ವಾಲಿಸಿದಳು.

"ಹೊಸ ಕೈ ಹೊಳೀತಿದೆ, ಮಿಕ್ಕಿದ್ದೆಲ್ಲ ಮಂಕಾಗಿದೆ," ಎಂದಳು. "ತೇಪೆ ಹಾಕಿದ್ದು ಒಂದು ಮೈಲಿಯಿಂದ ಗೊತ್ತಾಗುತ್ತೆ."

"ಸೆಲ್ಮಾ, ಬಿಟ್ಟುಬಿಡೇ. ಅವಳು ಇವತ್ತು ಬರ್ತಾಳೆ."

"ದೀಪ ಹಚ್ಚೋ ಹೊತ್ತಿಗೆ ಬರ್ತಾಳೆ. ಹಗಲು ಹೊತ್ತಲ್ಲಿ ಕಿಟಕಿ ನೋಡೋಕೆ ಯಾರು ಬರ್ತಾರೆ? ಅಷ್ಟರಲ್ಲಿ ಇದರ ಮೈಗೆಲ್ಲ ಚಿನ್ನದ ಬಣ್ಣ ಬಳಿಸಿಕೊಂಡು ಬರ್ತೀನಿ."

ಒಳಗೆ ಹೋಗಿ ಗೊಂಬೆಯನ್ನು ಕಿಟಕಿಯಿಂದ ಎತ್ತಿದಳು. ಆಲ್ಮಾ "ಅಮ್ಮಾ, ಬೇಡ, ಅಮ್ಮಾ" ಎನ್ನುತ್ತಾ ಹೊಸಿಲವರೆಗೂ ಹಿಂದೆ ಬಂದಳು. ಸೆಲ್ಮಾ ಗೊಂಬೆಯನ್ನು ಶಾಲಿನೊಳಗೆ ಇಟ್ಟುಕೊಂಡು ಓಸ್ವಾಲ್ಡ್‌ನ ಮನೆಯ ಕಡೆ ದಡದಡ ನಡೆದಳು. ಸಾಯುವ ಹಾಸಿಗೆಯಿಂದ ಎದ್ದು ಬಂದವಳು, ನೆಟ್ಟಗೆ ಉಸಿರಾಡಲು ಬಾರದವಳು, ಆ ಹಿಮದಲ್ಲಿ ಜಂಭದ ಬಲವೊಂದರಿಂದಲೇ ನಡೆಯುತ್ತಿದ್ದಳು.

ಓಸ್ವಾಲ್ಡ್‌ಗೆ ಅವತ್ತು ಹಿಡಿದ ಗ್ರಹಚಾರ ಯಾರಿಗೂ ಬೇಡ. ಅವನು ಬಳಿಯುತ್ತಿದ್ದ, ಅವಳು ಹೆಗಲ ಮೇಲಿಂದ ಬಗ್ಗಿ, "ಇಲ್ಲಿ ತೆಳ್ಳಗಾಯ್ತು, ಅಲ್ಲಿ ಗೆರೆ ಬಿತ್ತು, ಕಣ್ಣು ಎಲ್ಲಿಟ್ಟಿದೀಯ ಓಸ್ವಾಲ್ಡಣ್ಣ" ಎಂದು ಹಿಂಸೆ ಕೊಡುತ್ತಿದ್ದಳಂತೆ. ಒಣಗಲಿ ಎಂದು ಒಲೆಯ ಹತ್ತಿರ ಇಟ್ಟರೆ ಬಣ್ಣ ಗುಳ್ಳೆ ಎದ್ದಿತು. ಮತ್ತೆ ಉಜ್ಜಿ, ಮತ್ತೆ ಬಳಿಯಬೇಕಾಯಿತು. ಹೊರಗೆ ಹಿಮ ದಟ್ಟವಾಗತೊಡಗಿತ್ತು. ಆಲ್ಮಾ ಹಬ್ಬದ ಊಟಕ್ಕೆ ಸಾಸೇಜು ತರಲು ಕಟುಕನ ಅಂಗಡಿಗೆ ಹೋಗಿದ್ದಳು. ಮನೆಯಲ್ಲಿ ಮೇಜಿನ ಮೇಲೆ ತಟ್ಟೆಗಳನ್ನು ಸೆಲ್ಮಾಳೇ ಜೋಡಿಸಿ ಹೋಗಿದ್ದಳು, ಲಿಡ್ಡಿಗೊಂದು, ಮಗುವಿಗೊಂದು ಚಿಕ್ಕದು. ಹೊರಗಿನಿಂದ ನೋಡಿದವರಿಗೆ ಮೇಜು ಕಾಣುವುದಿಲ್ಲ. ಗಂಜಿ ಹಾಕಿದ ಬಿಳಿ ಪರದೆ ಕಾಣುತ್ತದೆ, ಅದರ ಮುಂದೆ ಗೊಂಬೆಗಳು ಕಾಣುತ್ತವೆ.

ಬೆಟ್ಟದ ದಾರಿ ಹಿಮದಲ್ಲಿ ಮುಚ್ಚಿಹೋಗುತ್ತದೆಂಬ ಹೆದರಿಕೆಗೆ ಲಿಡ್ಡಿ ಬೇಗ ಹೊರಟಿದ್ದಳು. ಮಧ್ಯಾಹ್ನಕ್ಕೇ ಬಂದಳು.

ಆಲ್ಮಾ ಕಟುಕನ ಅಂಗಡಿಯಿಂದ ಮರಳಿದಾಗ ಕಿಟಕಿಯ ಎದುರು ಯಾರೋ ಹಿಮ ತುಳಿದಿದ್ದರು. ಬೆಟ್ಟದ ಕಡೆಯಿಂದ ಒಬ್ಬ ಹೆಂಗಸಿನ ಹೆಜ್ಜೆ, ಪಕ್ಕದಲ್ಲಿ ಕೂಸಿನ ಜಾರುಬಂಡಿಯ ಗೆರೆ. ಕಿಟಕಿಯ ಮುಂದೆ ತುಂಬ ಹೊತ್ತು ನಿಂತ ಗುರುತು. ಬಾಗಿಲ ಕಡೆ ಒಂದು ಹೆಜ್ಜೆಯೂ ಇರಲಿಲ್ಲ. ಅಲ್ಲಿಂದ ಗೆರೆ ತಿರುಗಿ ಬೆಟ್ಟದ ಕಡೆಗೇ ಹೋಗಿತ್ತು. ಆಲ್ಮಾ ಸಾಸೇಜನ್ನು ಅಲ್ಲೇ ಬಿಸಾಡಿ, ಕೊನೆಯ ಮನೆ ದಾಟಿ, ಕಾಡಿನಂಚಿನವರೆಗೂ ತಂಗಿಯ ಹೆಸರು ಕೂಗುತ್ತಾ ಓಡಿದಳು. ಆ ಹೊತ್ತಿಗೆ ಹಿಮ ಗೆರೆಯನ್ನು ಮುಚ್ಚಿತ್ತು. ನಮ್ಮ ಭಟ್ಟಿಗೆ ಬಂದು ನೆಲದ ಮೇಲೆ ಕುಸಿದು ಕೂತಳು. ಬ್ರೂನೋ ಅವಳ ಕಾಲಿಗೆ ಬಿಸಿ ನೀರು ತಂದಿಟ್ಟ.

ಸಂಜೆ ಸೆಲ್ಮಾ ಗೊಂಬೆ ತಂದು ನಿಲ್ಲಿಸಿದಳು. ಹೆಜ್ಜೆಯ ಸುದ್ದಿ ಹೇಳಿದರೆ, "ಹಾಲಿನವಳ ಬಂಡಿ ಇರ್ಬೇಕು," ಎಂದಳು. ಬತ್ತಿ ಹಚ್ಚಿದಳು. ಗೊಂಬೆ ಹೊಳೆಯಿತು, ಸುಳ್ಳೇಕೆ ಹೇಳಲಿ, ಊರಿನ ಯಾವ ಕಿಟಕಿಯಲ್ಲೂ ಅಂಥದ್ದಿರಲಿಲ್ಲ. ಚರ್ಚಿಗೆ ಹೋಗುವವರು ನಿಂತು ನಿಂತು ನೋಡಿದರು. ಸೆಲ್ಮಾ ಬಾಗಿಲಲ್ಲಿ ನಿಂತು ಹೊಗಳಿಕೆಗೆ ತಲೆಯಾಡಿಸುತ್ತಾ, ನಡುನಡುವೆ ಬೆಟ್ಟದ ದಾರಿಯ ಕಡೆ ಕತ್ತು ಹೊರಳಿಸುತ್ತಾ ಇದ್ದಳು. ನಾನು ಅವಳನ್ನು ಮಾತಾಡಿಸದೆ ದಾಟಿಹೋದೆ.

ಹಬ್ಬ ಕಳೆದು ದಾರಿ ತೆರೆದ ಕೂಡಲೇ ರೇಸಿ ಬಂದಳು. ನನಗೆ ಎಲ್ಲ ಹೇಳಿದಳು. ಸೆಲ್ಮಾಳ ಮುಖ ನೋಡುವ ಆಸೆಗೇ ನಾನೂ ಅವಳ ಜೊತೆ ಆ ಮನೆಗೆ ಹೋದೆ.

"ಅವತ್ತು ಬೆಟ್ಟದ ಮೇಲಿರೋ ಶಿಲುಬೆ ಹತ್ರ ಲಿಡ್ಡಿ ಎದುರಿಗೆ ಸಿಕ್ಕಿದ್ಲು," ಎಂದಳು ರೇಸಿ, ಬುಟ್ಟಿಯನ್ನೂ ಇಳಿಸದೆ. "'ಒಂದೇ ಇತ್ತು ರೇಸಕ್ಕ, ಆಲ್ಮಾಂದು' ಅಂದ್ಲು. ಅಳ್ಲಿಲ್ಲ. ಏನೋ ಆಗಿರ್ಬೇಕು, ನನ್ನ ಜೊತೆ ತಿರುಗಿ ಬಾ ಅಂದೆ. ಕೇಳ್ಲಿಲ್ಲ. ಹಿಮಕ್ಕೆ ದಾರಿ ಮುಚ್ತಾ ಬಂತು, ನಾನೂ ಅವಳ ಜೊತೆ ಆಚೆಗೇ ಇಳಿದೆ. ಮಗು ಕಿಟಕಿ ತೋರ್ಸಿ, 'ಅಜ್ಜಿ ಮನೆ ಇದೇನಾ' ಅಂತ ಕೇಳ್ತಂತೆ. 'ಅಲ್ಲ, ದಾರಿ ತಪ್ಪಿ ಬಂದ್ವಿ' ಅಂದ್ಲಂತೆ."

ಸೆಲ್ಮಾ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಮುಖ ಬಿಳುಚಿತ್ತು. ಈಗಲಾದರೂ ಅಳುತ್ತಾಳೆ ಅಂದುಕೊಂಡೆ. ಅವಳ ಬಾಯಿಂದ ಬಂದದ್ದೇನು ಗೊತ್ತೇ? "ಬಾಗಿಲು ತಟ್ಟೋಕೆ ಅವಳಿಗೆ ಕೈ ಇರ್ಲಿಲ್ವಾ?"

"ಅವಳಿಗೆ ಇತ್ತಮ್ಮಾ," ಎಂದಳು ಆಲ್ಮಾ. "ಗೊಂಬೆ ಕೈ ಸರಿ ಇಲ್ಲ ಅಂತ ತಾನೇ ನೀನು ಅದನ್ನ ಕಿಟಕಿಯಿಂದ ತೆಗೆದಿದ್ದು."

ಆಲ್ಮಾ ತಾಯಿಗೆ ಎದುರು ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಅವಳು ಕಿಟಕಿಗೆ ಹೋದಳು. ತನ್ನ ಗೊಂಬೆಯನ್ನು, ಮಸುಕು ಬಣ್ಣದ ಹಳೆಯದನ್ನು, ಎತ್ತಿಕೊಂಡು ಉಣ್ಣೆಯ ಶಾಲಿನಲ್ಲಿ ಸುತ್ತಿದಳು. ಬೂಟು ಹಾಕಿಕೊಂಡಳು.

"ಎಲ್ಲಿಗೇ?" ಎಂದಳು ಸೆಲ್ಮಾ.

"ಲಿಡ್ಡಿ ಮನೇಗೆ. ರೇಸಕ್ಕನ ಜೊತೆ ಹೋಗ್ತೀನಿ."

"ಯಾವಾಗ ಬರ್ತೀಯ?"

ಆಲ್ಮಾ ಶಾಲಿನ ಗಂಟು ಬಿಗಿದಳು. ಗೊಂಬೆಯನ್ನು ಜೊತೆಗೆ ಒಯ್ಯುವವರು ಮನೆ ಬಿಟ್ಟೇ ಹೋಗುವವರು, ಯಾವಾಗ ಬರುತ್ತಾರೆಂದು ನಮ್ಮೂರಲ್ಲಿ ಯಾರೂ ಕೇಳಬೇಕಾಗಿಲ್ಲ. ಸೆಲ್ಮಾಳಿಗೂ ಅದು ಅರ್ಥವಾಯಿತು. ನಾನು ಕಾದೆ. ರೇಸಿಯೂ ಕಾದಳು. ಹೋಗಬೇಡ ಎಂಬ ಒಂದು ಮಾತು, ಅಥವಾ ನಾನೂ ಬರುತ್ತೇನೆ ಎಂಬ ಒಂದು ಮಾತು. ರೇಸಿ ಜಾರುಬಂಡಿ ತಂದಿದ್ದಳು, ಅವಳನ್ನೂ ಕೂರಿಸಿಕೊಂಡು ಹೋಗಬಹುದಿತ್ತು.

ಸೆಲ್ಮಾ ಕಿಟಕಿಯ ಕಡೆ ನೋಡಿದಳು. ಚಿನ್ನದ ಗೊಂಬೆ ಒಂದು ಮೂಲೆಯಲ್ಲಿ ನಿಂತಿತ್ತು, ಪಕ್ಕದ ಜಾಗ ಬರಿದಾಗಿತ್ತು.

"ಹೋಗೋದು ಹೋಗ್ತೀಯ," ಎಂದಳು, "ಇದನ್ನ ಮಧ್ಯಕ್ಕೆ ಸರಿಸಿ ಹೋಗು. ಹೀಗಿದ್ರೆ ಬೀದಿಗೆ ಚೆನ್ನಾಗಿ ಕಾಣಲ್ಲ."

ಆಲ್ಮಾ ಸರಿಸಲಿಲ್ಲ. ಬಾಗಿಲು ತೆರೆದು ರೇಸಿಯ ಹಿಂದೆ ಬೆಟ್ಟದ ಕಡೆ ನಡೆದಳು. ನಾನೂ ಹೊರಬಿದ್ದು ಭಟ್ಟಿಗೆ ಬಂದೆ. ಸಂಜೆ ಆ ದಾರಿಯಲ್ಲಿ ಹೋದಾಗ ಗೊಂಬೆ ಕಿಟಕಿಯ ನಟ್ಟನಡುವೆ ನಿಂತಿತ್ತು.